ನಾಲ್ಕನೆಯ ಗೆರೆ

ಕಂಡದ್ದನ್ನೆಲ್ಲ ಬಡಿದು ನೋಡುವ ಚಾಳಿ ನನಗೆ ಯಾವಾಗ ಅಂಟಿತೋ ಗೊತ್ತಿಲ್ಲ. ಮದುವೆ ಮನೆಯಲ್ಲಿ ಹಿತ್ತಾಳೆಯ ಕೊಡ ಕಂಡರೆ ಬೆರಳ ಗೆಣ್ಣಿನಿಂದ ಒಂದು ಏಟು, ಬಸ್ ನಿಲ್ದಾಣದ ಕಬ್ಬಿಣದ ಕಂಬಕ್ಕೆ ಒಂದು ಏಟು. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಗೆ ಬರುವ ಗ್ಯಾಸ್ ಸಿಲಿಂಡರನ್ನು ಕೂಡ ಬಡಿಯದೆ ಒಳಗೆ ಬಿಟ್ಟುಕೊಂಡವಳಲ್ಲ. ಅವ್ವನಿಗೆ ಇದೊಂದು ನಾಚಿಕೆಯ ವಿಷಯ. ಆದರೆ ಅವ್ವನೇ ಬೇಸಿಗೆ ಶುರುವಾಗುವಾಗ ಕೋಟೆಯ ಹತ್ತಿರ ಗಡಿಗೆ ಕೊಳ್ಳಲು ಹೋದರೆ ಒಂದೊಂದನ್ನೂ ಎತ್ತಿ, ಕಿವಿಯ ಹತ್ತಿರ ಹಿಡಿದು, ಬಡಿದು, "ಇದು ಬ್ಯಾಡ, ಒಡಕ ಅದ" ಎಂದು ಕೆಳಗಿಡುತ್ತಿದ್ದಳು. "ಎಲ್ಲದ ತೋರಸ್ರಿ ಒಡಕು?" ಎಂದು ಗಡಿಗೆ ಮಾರುವವಳು ಜಗಳಕ್ಕೇ ಬರುತ್ತಿದ್ದಳು. ಎಷ್ಟು ತಿರುಗಿಸಿ ನೋಡಿದರೂ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕಣ್ಣಿಗೆ ಕಾಣದ್ದು ಕಿವಿಗೆ ಹೇಗೆ ಗೊತ್ತಾಯಿತು ಎಂದು ನಾನು ದಾರಿಯುದ್ದಕ್ಕೂ ಕೇಳಿ ಅವ್ವನ ತಲೆ ತಿನ್ನುತ್ತಿದ್ದೆ.

ಈಗ ಅದೇ ನನ್ನ ಹೊಟ್ಟೆಪಾಡು. ಸಿಮೆಂಟ್ ಕಾರ್ಖಾನೆಗಳಿಗೆ, ನೆಹರು ಗಂಜಿನ ಬೇಳೆ ಮಿಲ್ಲುಗಳಿಗೆ ಹೋಗಿ ಅಲ್ಲಿಯ ಕಬ್ಬಿಣದೊಳಗೆ ಬಿರುಕು ಇದೆಯೋ ಇಲ್ಲವೋ ಎಂದು ನೋಡಿ ಹೇಳುವುದು ನಮ್ಮ ತಂಡದ ಕೆಲಸ. ನೋಡಬೇಕು, ಆದರೆ ಒಡೆಯಬಾರದು, ಕೊಯ್ಯಬಾರದು, ಗೀರು ಕೂಡ ಬೀಳಬಾರದು. ದಪ್ಪ ಶಾಫ್ಟ್ ಇದ್ದರೆ ಅದರ ಮೈಗೆ ಜೆಲ್ ಬಳಿದು, ಮನುಷ್ಯರ ಕಿವಿಗೆ ಎಟುಕದಷ್ಟು ಎತ್ತರದ ಶ್ರುತಿಯ ದನಿಯನ್ನು ಒಳಗೆ ಕಳಿಸುತ್ತೇವೆ. ಆ ಕಡೆಯ ಗೋಡೆಗೆ ತಾಗಿ ಬರಬೇಕಾದ ಪ್ರತಿಧ್ವನಿ ನಡುವಿನಿಂದಲೇ ತಿರುಗಿ ಬಂದರೆ ಅಲ್ಲೇನೋ ಇದೆ ಎಂದರ್ಥ. ಬಿರುಕು ಮೇಲ್ಮೈಗೆ ಬಾಯಿ ತೆರೆದಿದ್ದರೆ ಇನ್ನೂ ಸುಲಭ. ಕೆಂಪು ಬಣ್ಣದ ತೆಳು ದ್ರವ ಹಚ್ಚಿ ಸ್ವಲ್ಪ ಹೊತ್ತು ಬಿಡುವುದು, ಮೇಲಿನದನ್ನು ಒರೆಸುವುದು, ಆಮೇಲೆ ಬಿಳಿ ಪುಡಿ ಸಿಂಪಡಿಸುವುದು. ಬಿರುಕಿನೊಳಗೆ ಇಳಿದ ಕೆಂಪು ಮೆಲ್ಲಗೆ ಬಿಳಿಯ ಮೇಲೆ ಏಳುತ್ತದೆ. ಎಷ್ಟು ಸಲ ನೋಡಿದ್ದರೂ ಆ ಗೆರೆ ಏಳುವಾಗ ನಾನು ಉಸಿರು ಹಿಡಿದು ಕೂರುತ್ತೇನೆ.

ಇದನ್ನು ನೆಂಟರಿಗೆ ತಿಳಿಸಿ ಹೇಳುವ ಹೊತ್ತಿಗೆ ಸಾಕುಸಾಕಾಗುತ್ತದೆ. "ಅಂದ್ರ ಕಬ್ಬಿಣದ ಡಾಕ್ಟರ ಅನ್ನು" ಎಂದು ಮೊದಲು ಅಂದವರು ಕಮಲಾಪುರದ ನನ್ನ ಅತ್ತೆ, ಅಪ್ಪನ ಅಕ್ಕ. ಅಲ್ಲಿಂದ ಮುಂದೆ ಬಳಗದಲ್ಲೆಲ್ಲ ನನಗೆ ಅದೇ ಹೆಸರು ಖಾಯಂ ಆಯಿತು.

ಕಮಲಾಪುರದಲ್ಲಿ ಅತ್ತೆಯದು ಹಿಟ್ಟಿನ ಗಿರಣಿ. ರಸ್ತೆಯ ಬದಿಗೆ ಕೆಂಪು ಬಾಳೆಹಣ್ಣಿನ ಗೊನೆ ತೂಗುಹಾಕಿರುವ ಅಂಗಡಿಗಳನ್ನು ದಾಟಿ ಒಳಗೆ ತಿರುಗಿದರೆ ಗಿರಣಿಯ ಸದ್ದು ಕೇಳುತ್ತದೆ. ಕರೆಂಟ್ ಇರುವಾಗ ಮೋಟರ್ ಓಡುತ್ತದೆ. ಕರೆಂಟ್ ಹೋದರೆ ಹಳೆಯ ಡೀಸೆಲ್ ಇಂಜಿನ್. ಆ ಇಂಜಿನ್ನಿಗೆ ಎದೆಮಟ್ಟದ ಒಂದು ಚಕ್ರ, ಬೀಡು ಕಬ್ಬಿಣದ್ದು, ನಾಲ್ಕು ಜನ ಹಿಡಿದರೂ ಎತ್ತಲಾಗದಷ್ಟು ಭಾರ. ಮಾವ ಇದ್ದಾಗ ಅವರು ಅದನ್ನು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲವಂತೆ. ಮಾವ ಹೋದ ಮೇಲೆ ಅತ್ತೆ ಸೆರಗು ಸಿಕ್ಕಿಸಿ ತಾವೇ ಹ್ಯಾಂಡಲ್ ಹಿಡಿದರು. ಮಗ ಸೊಸೆ ಇಬ್ಬರೂ ಶಾಲೆ ಮಾಸ್ತರರು, ಗಿರಣಿ ಮುಚ್ಚಿ ಆರಾಮ ಇರಿ ಎಂದು ಹೇಳಿ ಹೇಳಿ ಸೋತಿದ್ದರು. "ನಾ ಕುಂತ್ರ ತುಕ್ಕ ಹಿಡಿತೀನಿ" ಎಂಬುದು ಅತ್ತೆಯ ಉತ್ತರ.

ಅತ್ತೆ ಕೂರುತ್ತಿದ್ದ ಸ್ಟೂಲು ಆ ಚಕ್ರಕ್ಕೆ ಬೆನ್ನು ಮಾಡಿ ಇರುತ್ತಿತ್ತು. ಚಕ್ರ ತಿರುಗಿದರೆ ಒಳ್ಳೆಯ ಗಾಳಿ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರು ಇದನ್ನು ತಪ್ಪೆನ್ನಲಾರರು. ಜೋಳದ ಡಬ್ಬಿ ತಂದ ಹೆಂಗಸರು ಕೂಡ ಅತ್ತೆಯ ಅಕ್ಕಪಕ್ಕ ಅದೇ ಗಾಳಿಗೆ ನೆಲದ ಮೇಲೆ ಕೂತು ಹರಟುತ್ತಿದ್ದರು.

ಒಂದು ಭಾನುವಾರ ಹೋದಾಗ ನನ್ನ ಚಾಳಿಯಂತೆ ಸ್ಪ್ಯಾನರ್ ಎತ್ತಿಕೊಂಡು ನಿಂತ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಡಿದೆ. ಒಂದು ಕಡ್ಡಿಯ ದನಿ ಉಳಿದವುಗಳಷ್ಟು ದೂರ ಹೋಗಲಿಲ್ಲ. ಹುಟ್ಟಿದಲ್ಲೇ ಆರಿತು. ಮತ್ತೆ ಬಡಿದೆ. ಶಾಫ್ಟಿಗೆ ಬಿಗಿದ ಚಕ್ರದ ದನಿಯನ್ನು ಪೂರ್ತಿ ನಂಬುವಂತಿಲ್ಲ, ಅದು ನನಗೂ ಗೊತ್ತು. ಆದರೂ ತಲೆಯೊಳಗೆ ಹುಳ ಬಿಟ್ಟಂತಾಯಿತು.

"ಅತ್ತಿ, ಮುಂದಿನ ವಾರ ಬಂದು ಇದಕ್ಕ ಬಣ್ಣ ಹಾಕಿ ನೋಡ್ತೀನ್ರಿ."

"ನೋಡು ಯವ್ವ. ನಮ್ಮ ಚಕ್ರಕ್ಕೇನಾಗಿರ್ತದ, ಕಲ್ಲಿನಂಗ ಅದ."

ಆಫೀಸಿನ ಯಂತ್ರಗಳನ್ನು ಮನೆ ಕೆಲಸಕ್ಕೆ ತರುವಂತಿಲ್ಲ. ಸ್ವಂತಕ್ಕೆ ಮೂರು ಡಬ್ಬಿ ಕೊಂಡುಕೊಂಡೆ: ಒರೆಸುವುದು, ಕೆಂಪು, ಬಿಳಿ. ಮುಂದಿನ ಭಾನುವಾರ ಬೆಳಿಗ್ಗೆಯೇ ಕಮಲಾಪುರಕ್ಕೆ ಹೋಗಿ ಗಿರಣಿಯ ಬಾಗಿಲಲ್ಲಿ ನಿಂತವಳಿಗೆ ನಗು ತಡೆಯಲಾಗಲಿಲ್ಲ. ಅತ್ತೆ ಹಿಂದಿನ ದಿನವೇ ಚಕ್ರಕ್ಕೆ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿಸಿ, ವಿಭೂತಿಯನ್ನು ನೀರಲ್ಲಿ ಕಲಸಿ ನಡುವಿನ ಗುಂಬಕ್ಕೆಲ್ಲ ತಿಕ್ಕಿ ತಿಕ್ಕಿ ಹಚ್ಚಿದ್ದರು. ಗುಂಬವೆಂದರೆ ಬಂಡಿಯ ಗಾಲಿಗೆ ನಡುವೆ ಇರುತ್ತದಲ್ಲ, ಹಾಗೆ ಶಾಫ್ಟನ್ನು ಹಿಡಿದುಕೊಳ್ಳುವ ದಪ್ಪ ಭಾಗ. ಮೇಲೊಂದು ಚೆಂಡು ಹೂವಿನ ಮಾಲೆ ಬೇರೆ. ಹೆಣ್ಣು ನೋಡಲು ಬರುತ್ತಾರೆಂದು ಮಗಳನ್ನು ಸಿಂಗರಿಸಿ ಕೂರಿಸಿದ ಹಾಗಿತ್ತು.

"ನೀ ಪರೀಕ್ಷಾ ಮಾಡಾಕ ಬರಾಕಿ, ಹೊಲಸು ಇಡಬೇಕೇನು?" ಎಂದರು ಅತ್ತೆ.

ಹೂವು ತೆಗೆದೆ. ಒರೆಸುವ ದ್ರವ ಸಿಂಪಡಿಸಿ ಬಟ್ಟೆಯಿಂದ ವಿಭೂತಿಯನ್ನೆಲ್ಲ ತೆಗೆದು, ಕಬ್ಬಿಣ ಹೊಳೆಯುವವರೆಗೆ ಉಜ್ಜಿದೆ. ಕೆಂಪು ಹಚ್ಚಿದೆ, ಕಾದೆ, ಒರೆಸಿದೆ, ಬಿಳಿ ಹೊಡೆದೆ. ಅತ್ತೆ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಬಿಳಿ ಬಿಳಿಯಾಗಿಯೇ ಉಳಿಯಿತು. ಕಡ್ಡಿಯ ಬುಡದಲ್ಲೂ ಇಲ್ಲ, ಗುಂಬದ ಮೇಲೂ ಇಲ್ಲ, ಒಂದು ಕೆಂಪು ಚುಕ್ಕೆ ಕೂಡ ಏಳಲಿಲ್ಲ.

"ಪಾಸ್ ಆತಿಲ್ಲೋ?" ಅತ್ತೆ ಗೆದ್ದವರಂತೆ ನಕ್ಕು, ರೊಟ್ಟಿ ಬಡಿಯಲು ಒಳಗೆ ಹೋದರು. ನನಗೆ ಸಮಾಧಾನವೂ ಆಯಿತು, ಒಳಗೊಳಗೇ ಸ್ವಲ್ಪ ಬೇಸರವೂ ಆಯಿತು. ನಮ್ಮ ವೃತ್ತಿಯವರ ಬುದ್ಧಿ ಹೀಗೇ ವಕ್ರ. ಬಿರುಕು ಇರಬಾರದು ಎಂದು ಬಯಸುತ್ತಲೇ ಅದು ಕಂಡರೆ ಚೆನ್ನ ಎಂದುಕೊಳ್ಳುತ್ತೇವೆ.

ಪುಂಡಿಪಲ್ಯ, ಶೇಂಗಾ ಹಿಂಡಿ, ಬಿಸಿ ರೊಟ್ಟಿ ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಹೊರಗೆ ಡಬ್ಬಿಗಳು ಕಾದಿದ್ದವು. ಅತ್ತೆ ಗುಂಬದ ಮೇಲಿನ ನನ್ನ ಬಿಳಿ ಪುಡಿಯನ್ನು ಹಸಿ ಬಟ್ಟೆಯಿಂದ ಒರೆಸಿ, ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು, ಗುಂಬವನ್ನು ಶಾಫ್ಟಿಗೆ ಬಿಗಿದ ಬೆಣೆಯ ಮಗ್ಗುಲಿಗೆ ಮೂರು ಗೆರೆ ಎಳೆದು ಕೈ ಮುಗಿದರು. ಅದು ದಿನನಿತ್ಯದ ಪದ್ಧತಿ. ಗೆರೆ ಎಳೆಯದೆ ಅವರು ಇಂಜಿನ್ ಚಾಲೂ ಮಾಡಿದವರೇ ಅಲ್ಲ. ಆಮೇಲೆ ಹ್ಯಾಂಡಲ್ ಸಿಕ್ಕಿಸಿ ತಿರುವಿದರು, ಇಂಜಿನ್ ಕೆಮ್ಮಿ ಎದ್ದಿತು, ಅತ್ತೆ ಗಾಳಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತರು.

ಸಂಜೆಗೆ ಕೆಲಸ ಮುಗಿದು ಚಕ್ರ ನಿಂತಿತು. ನಾನು ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಅತ್ತೆ ಗುಂಬದ ಹತ್ತಿರ ಬಗ್ಗಿ ಹೆಬ್ಬೆರಳಿನಿಂದ ಏನನ್ನೋ ತೀಡುತ್ತಿದ್ದರು. ನೋಡಿದರೆ ಮೂರು ಬಿಳಿ ಗೆರೆಗಳಿಗೆ ಅಡ್ಡವಾಗಿ ಕಪ್ಪನೆಯ, ಕೂದಲಷ್ಟು ಸಣ್ಣ ಇನ್ನೊಂದು ಗೆರೆ.

"ತಡೀರಿ ಅತ್ತಿ! ಮುಟ್ಟಬ್ಯಾಡ್ರಿ!"

ನನ್ನ ಕೂಗಿಗೆ ಅವರು ಬೆಚ್ಚಿ ಕೈ ತೆಗೆದರು. ಅಷ್ಟರಲ್ಲಿ ಎರಡು ಗೆರೆಯ ಮೇಲಿನದು ಅಳಿಸಿ ಹೋಗಿತ್ತು. ಮೂರನೆಯದರ ಮೇಲೆ ಇನ್ನೂ ಇತ್ತು.

"ಏನಾತ? ಎಣ್ಣಿ ಸಿಡದದ. ದಿನಾ ಸಿಡಿತದ."

"ದಿನಾ ಎಲ್ಲಿ ಸಿಡಿತದ್ರಿ?"

"ಇಲ್ಲೇ."

"ಇಲ್ಲೇ ಅಂದ್ರ? ಒಮ್ಮಿ ಅಲ್ಲಿ, ಒಮ್ಮಿ ಇಲ್ಲಿ?"

ಅತ್ತೆ ಯೋಚಿಸಿದರು. "ಇಲ್ಲ ಬಿಡು, ಇಲ್ಲೇ. ಮೂರ ಎಳದ್ರ ಸಂಜಿಗೆ ನಾಲ್ಕ ಆಗಿರ್ತಾವ. ದೇವರ ಗೆರಿ ಹೊಲಸ ಕಾಣಬಾರದಂತ ಒರಸತೀನಿ."

ಸಿಡಿಯುವ ಎಣ್ಣೆ ದಿನವೂ ಒಂದೇ ಜಾಗಕ್ಕೆ, ಅದೂ ಕೂದಲಿನಂತೆ ನೆಟ್ಟಗೆ ಸಿಡಿಯುವುದುಂಟೆ? ಅದರ ಒಂದು ತುದಿ ಬೆಣೆಯ ಮೂಲೆಯಲ್ಲೇ ಇತ್ತು. ಬಿರುಕು ಹುಟ್ಟಲು ಅದಕ್ಕಿಂತ ಪ್ರಶಸ್ತ ಜಾಗ ಇನ್ನೊಂದಿಲ್ಲ. ಮತ್ತೆ ನನ್ನ ಕೆಂಪು ಯಾಕೆ ಸುಮ್ಮನಿತ್ತು? ಅಂಗಳಕ್ಕೆ ಹೋಗಿ ಉಸ್ತಾದರಿಗೆ ಫೋನ್ ಹಚ್ಚಿದೆ. ಉಸ್ತಾದರು ನಮ್ಮ ತಂಡದ ಹಿರಿಯರು, ನನಗೆ ಈ ವಿದ್ಯೆ ಕಲಿಸಿದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಆ ಕಡೆಯಿಂದ ಜೋರಾಗಿ ನಕ್ಕರು.

"ಅರೆ ಬೇಟಿ, ಬಿರುಕಿನ ಹೊಟ್ಟಿ ಮೊದ್ಲೇ ಭರ್ತಿ ಅದ. ಎಣ್ಣಿ, ವಿಭೂತಿ ಎಲ್ಲಾ ಕೂತದ ಒಳಗ. ನಿನ್ನ ಕೆಂಪು ಹೋಗಲಿಕ್ಕ ಜಾಗಾನೇ ಇಲ್ಲ. ಪೈಲಾ ಖಾಲಿ ಮಾಡು."

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಈ ಕೆಂಪು ಡಬ್ಬಿಗಳು ಬರುವ ಮೊದಲು ರೈಲ್ವೆ ಕಾರ್ಖಾನೆಗಳಲ್ಲಿ ಮಾಡುತ್ತಿದ್ದುದು ಇದನ್ನೇ ಅಂತೆ. ಗಾಲಿಯ ಅಚ್ಚನ್ನು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಮೇಲೆ ಸುಣ್ಣದಂಥ ಬಿಳಿ ಪುಡಿ ಬಳಿಯುತ್ತಿದ್ದರು. ಬಿರುಕಿನೊಳಗೆ ಉಳಿದ ಎಣ್ಣೆ ಬಿಳಿಯನ್ನು ನೆನೆಸಿ ಕಪ್ಪು ಗೆರೆಯಾಗಿ ತೋರುತ್ತಿತ್ತು.

"ಅತ್ತಿಯವರು ದಿನಾ ಟೆಸ್ಟ್ ಮಾಡ್ಯಾರ. ದಿನಾ ರಿಸಲ್ಟ್ ಒರಸ್ಯಾರ. ಖುದಾ ಕಾ ಶುಕರ್, ಏನೂ ಆಗಿಲ್ಲ. ಇಂಜಿನ್ ಬಂದ್ ಮಾಡಸು."

ಅವತ್ತು ಕಮಲಾಪುರದಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಅಂಗಡಿಯಿಂದ ಥಿನ್ನರ್ ತಂದು ಗುಂಬಕ್ಕೆ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಲು ಬಿಟ್ಟು, ಮತ್ತೆ ಹಚ್ಚಿದೆ. ನಡುವೆ ಅತ್ತೆ ಊದಿನಕಡ್ಡಿ ಹಚ್ಚಿಕೊಂಡು ಬಂದುಬಿಟ್ಟರು. ಥಿನ್ನರ್ ವಾಸನೆಯ ನಡುವೆ ಬೆಂಕಿ! ಕಿರುಚಿ ಅವರನ್ನು ಅಂಗಳಕ್ಕೆ ಅಟ್ಟಿದೆ. "ಪೂಜಾ ಮಾಡಾಕೂ ಬಿಡವಲ್ಲಿ" ಎಂದು ಗೊಣಗುತ್ತ ಹೋದರು. ಬೆಣೆಯ ಮೂಲೆಯಿಂದ ಥಿನ್ನರ್ ಹಾಲಿನಂತೆ ಬೆಳ್ಳಗಾಗಿ ಇಳಿಯತೊಡಗಿತು. ಇಷ್ಟು ವರ್ಷ ಒಳಗೆ ಸೇರಿದ್ದ ವಿಭೂತಿ ಅದು. ಬೆಳ್ಳಗೆ ಬರುವುದು ನಿಲ್ಲುವವರೆಗೆ ಬಿಡದೆ ತೊಳೆದೆ, ಪೂರ್ತಿ ಒಣಗಿದ ಮೇಲೆ ಕೆಂಪು ಹಚ್ಚಿದೆ. ಕಾದು, ಒರೆಸಿ, ಬಿಳಿ ಹೊಡೆದೆ.

ಬೆಣೆಯ ಮೂಲೆಯಲ್ಲಿ ಮೊದಲು ಒಂದು ಚುಕ್ಕೆ ಎದ್ದಿತು. ಚುಕ್ಕೆ ಎಳೆಯಾಯಿತು, ಎಳೆ ಗುಂಬದ ಮೇಲೆ ನಡೆದು ಆ ಮಂಕು ದನಿಯ ಕಡ್ಡಿಯ ಬುಡದವರೆಗೆ ಹೋಗಿ ನಿಂತಿತು. ಅತ್ತೆ ಬಾಯಿಗೆ ಸೆರಗು ಹಿಡಿದು ನೋಡಿದರು.

"ಯಾವಾಗ ಆಗ್ಯದ ಇದು?"

"ಗೊತ್ತಾಗಲ್ಲರಿ."

"ಎಷ್ಟ ಆಳ ಅದ?"

"ಇದರಾಗ ಅದೂ ಗೊತ್ತಾಗಲ್ಲರಿ. ಎಲ್ಲಿ ಅದ, ಎಷ್ಟು ಉದ್ದ ಅದ, ಇಷ್ಟ ಗೊತ್ತಾಗ್ತದ."

"ಮತ್ತೇನ್ ಗೊತ್ತ ನಿನಗ? ಚರ್ಮ ಒಂದೀಟು ಸೀಳ್ಯದ ಅಷ್ಟ. ನಾ ಹ್ಯಾಂಡಲ್ ಹಿಡದಾಗಿಂದ ಆ ಗೆರಿ ನೋಡೀನಿ. ಆಗೋದಿದ್ರ ಇಷ್ಟ ದಿನಾ ಬಿಡ್ತಿತ್ತೇನು?"

ವೆಲ್ಡಿಂಗ್ ಮಾಡಿಸೋಣ ಎಂದರು. ಬೀಡು ಕಬ್ಬಿಣ, ಇಷ್ಟು ಜೋರಾಗಿ ತಿರುಗುವ ಚಕ್ರ, ಬೆಸುಗೆ ಹಾಕಿದರೂ ಯಾರೂ ಅದರ ಹೊಣೆ ಹೊರುವುದಿಲ್ಲ ಎಂದೆ. ಒಡೆದರೆ ತುಂಡು ಗೋಡೆ ಹಾರಿಸಿಕೊಂಡು ಹೋಗುತ್ತದೆ, ನೀವು ಅದಕ್ಕೆ ಬೆನ್ನು ಕೊಟ್ಟು ಕೂರುತ್ತೀರಿ, ಊರಿನ ಹೆಂಗಸರು ನಿಮ್ಮ ಪಕ್ಕದಲ್ಲಿ ಕೂರುತ್ತಾರೆ ಎಂದು ಕೂಗಾಡಿದೆ. ಅತ್ತೆಯ ಮುಖ ಬಿಗಿಯಿತು. ಮಾವ ಕೈಯಾರೆ ಕೂರಿಸಿದ ಚಕ್ರ, ಅದು ತಮಗೆ ಕೇಡು ಮಾಡುತ್ತದೆ ಎಂಬ ಮಾತನ್ನೇ ಅವರು ಕೇಳಲು ತಯಾರಿರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಬಾಗಿಲಲ್ಲಿ ಯಾರೋ ಡಬ್ಬಿ ಇಳಿಸಿದ ಸದ್ದಾಯಿತು. ಅತ್ತೆ ಹೋಗಿ ಹ್ಯಾಂಡಲ್ ಎತ್ತಿಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. ಬಂದವರಿಗೆ ಹೊರಗೇ ನಿಲ್ಲಲು ಹೇಳಿ, ಒಳಗೆ ಬಂದು ಅತ್ತೆಯ ಸ್ಟೂಲಿನ ಮೇಲೆ ಚಕ್ರಕ್ಕೆ ಬೆನ್ನು ಮಾಡಿ ಕೂತುಬಿಟ್ಟೆ.

"ಏನೂ ಆಗಲ್ಲ ಅಂದ್ರಲ್ಲರಿ? ಮಾಡ್ರಿ ಚಾಲೂ. ನಾ ಇಲ್ಲೇ ಕುಂದರ್ತೀನಿ."

"ಏಳು ಅಲ್ಲಿಂದ."

"ನೀವು ದಿನಾ ಕುಂದರ್ತೀರಿ. ನಾ ಯಾಕ ಏಳ್ಲಿ?"

ಹಿಂದೆ ಹ್ಯಾಂಡಲ್ ಖಟ್ ಎಂದು ಸಿಕ್ಕಿಕೊಂಡ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ. ಮೊಂಡುತನ ನಮ್ಮ ಮನೆತನದ್ದೇ, ಅವರಿಗೂ ಅಷ್ಟೇ ಉಂಟು ನನಗೂ ಅಷ್ಟೇ ಉಂಟು. ಎದುರಿನ ಗೋಡೆಯ ಮೇಲೆ ಹಿಟ್ಟಿನ ಧೂಳು ಕೂತಿದ್ದ ಕ್ಯಾಲೆಂಡರ್ ನೋಡುತ್ತ ಕೂತೆ. ಇಂಜಿನ್ ಕೆಮ್ಮಿ ಏಳುವ ಸದ್ದು ಬರಲಿಲ್ಲ. ಆಮೇಲೆ ಹ್ಯಾಂಡಲನ್ನು ನೆಲಕ್ಕಿಟ್ಟ ಸದ್ದು. ತಿರುಗಿದರೆ ಅತ್ತೆ ನನ್ನ ಕಡೆ ನೋಡದೆ ಬಾಗಿಲಿಗೆ ಹೋಗಿ, "ಕರೆಂಟ್ ಬಂದ ಮ್ಯಾಲ ಬರ್ರಿ ಯವ್ವ, ಇಂಜಿನ್ ಕೆಟ್ಟದ" ಎಂದು ಡಬ್ಬಿಯವರಿಗೆ ಹೇಳುತ್ತಿದ್ದರು.

ಅಲ್ಲಿಗೆ ಇಂಜಿನ್ ನಿಂತಿತು. ಕೆಲವು ದಿನ ಅತ್ತೆ ನನ್ನ ಫೋನ್ ಎತ್ತಲಿಲ್ಲ. ಕೊನೆಗೆ ಗುಜರಿಯವನಿಗೆ ಕೊಡುತ್ತೇನೆಂದು ತಾವೇ ಫೋನ್ ಮಾಡಿದರು. ನಾನು ರಜೆ ಹಾಕಿ ಓಡಿದೆ. ಸುಳ್ಳು ಯಾಕೆ, ಅತ್ತೆಯನ್ನು ಸಮಾಧಾನ ಮಾಡುವುದಕ್ಕಿಂತ ಆ ಗುಂಬದ ಒಳಗು ನೋಡುವ ಆಸೆಯೇ ನನಗೆ ಹೆಚ್ಚಿತ್ತು. ನಮ್ಮ ವೃತ್ತಿಯಲ್ಲಿ ಬಿರುಕು ಇದೆ ಎಂದು ಬರೆದುಕೊಟ್ಟು ಬರುತ್ತೇವೆ, ಆ ವಸ್ತುವನ್ನು ಬದಲಿಸುತ್ತಾರೆ, ಅದು ಎಲ್ಲೋ ಹೋಗುತ್ತದೆ. ನಾವು ಹೇಳಿದ್ದು ಎಷ್ಟು ನಿಜ ಎಂದು ಒಡೆದು ನೋಡುವ ಭಾಗ್ಯ ನಮಗೆ ಸಿಗುವುದೇ ಇಲ್ಲ.

ಕಲಬುರಗಿಯಿಂದ ಟೆಂಪೋ, ಆಳುಗಳನ್ನು ತಂದಿದ್ದ ಗುಜರಿಯವನು ಬೆಣೆ ಬಡಿದು ತೆಗೆದು, ಚಕ್ರವನ್ನು ಅಂಗಳಕ್ಕೆ ಉರುಳಿಸಿ ಮಲಗಿಸಿದ. ಇಡೀ ಚಕ್ರ ಎತ್ತಲಾಗುವುದಿಲ್ಲ, ಒಡೆದೇ ಒಯ್ಯಬೇಕು. ಎಲ್ಲಿ ಹೊಡೆಯಬೇಕೆಂದು ನಾನು ತೋರಿಸಿದೆ. ಸುತ್ತಿಗೆ ಎತ್ತುವ ಮೊದಲು ಅವನು, "ಬೀಡು ಗಟ್ಟಿ ಇರ್ತದ್ರಿ ಬಾಯಿ, ಹತ್ತಾರ ಏಟು ಬೇಕು, ದೂರ ನಿಂದರ್ರಿ" ಎಂದ. ಒಂದೇ ಏಟು ಹಾಕಿದ. ಅದೂ ಪೂರ್ತಿ ಬಲದ ಏಟಲ್ಲ. ಗುಂಬ ಆ ಕೆಂಪು ಗೆರೆಯ ಉದ್ದಕ್ಕೂ ಬಾಯಿ ಬಿಟ್ಟಿತು. ಅವನು ಸುತ್ತಿಗೆಯನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿದ.

ನಾನು ಮೊಣಕಾಲೂರಿ ಮೊಬೈಲಿನ ಬೆಳಕು ಹಿಡಿದೆ. ಒಡೆದ ಮೈಯಲ್ಲಿ ಬೆಣೆಯ ಕಡೆಯಿಂದ ಅಂಗೈ ಅಗಲಕ್ಕೆ ಕಬ್ಬಿಣ ಕಪ್ಪಗಿತ್ತು, ಎಣ್ಣೆ ಹೀರಿಕೊಂಡು, ಅಲ್ಲಲ್ಲಿ ಬೂದಿಯ ಪದರು ಗಟ್ಟಿಯಾಗಿ ಅಂಟಿತ್ತು. ತೀರ ಹೊರ ಅಂಚಿಗೆ ಬಂದಾಗ ಮಾತ್ರ ಒಂದು ಸಣ್ಣ ಪಟ್ಟಿ ಹೊಸ ಸಕ್ಕರೆಯಂತೆ ಮಿನುಗುತ್ತಿತ್ತು. ಎಷ್ಟೊಂದು ಸ್ಪಷ್ಟ! ಪರೀಕ್ಷೆಯ ಉತ್ತರ ಸರಿಬಂದ ಹುಡುಗಿಯ ಹಾಗೆ ನಾನು ಫೋಟೋ ಮೇಲೆ ಫೋಟೋ ತೆಗೆದು ಉಸ್ತಾದರಿಗೆ ಕಳಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬಂದು ಕೂತರು.

"ಈ ಕರೀದು ಏನು?"

"ಅದು ಹಳೇ ಬಿರುಕು ರೀ. ಮೊದ್ಲೇ ಬಿಟ್ಟಿದ್ದು."

"ಈ ಹೊಳಿಯೋದು?"

"ಅದು ಈಗ ಒಡದದ್ದು. ಇಷ್ಟ ಹಿಡಕೊಂಡಿತ್ತು."

ಅತ್ತೆ ಆ ಹೊಳೆಯುವ ಪಟ್ಟಿಯ ಮೇಲೆ ತಮ್ಮ ಕಿರುಬೆರಳಿಟ್ಟರು. ಬೆರಳಿನ ಕೆಳಗೆ ಅದು ಪೂರ್ತಿ ಮುಚ್ಚಿಹೋಯಿತು. ಬೆರಳು ತೆಗೆದು ನೋಡಿದರು, ಮತ್ತೆ ಇಟ್ಟರು.

"ಅವತ್ತ ನೀ ಸ್ಟೂಲ್ ಮ್ಯಾಲ ಕುಂತಿದ್ದಿ" ಎಂದರು.

"ಹೂಂ ರೀ. ನೀವು ಚಾಲೂ ಮಾಡಲಿಲ್ಲಲ್ಲ." ನಾನು ಇನ್ನೂ ಫೋಟೋ ನೋಡುತ್ತಲೇ ಇದ್ದೆ.

"ಮಾಡಾಕ ಹೋಗಿದ್ದೆ. ಸಿಟ್ಟಿನಾಗ ಅರ್ಧ ಸುತ್ತು ತಿರುವಿದ್ದೆ. ನಿನ್ನ ಹೆರಳು ಚಕ್ರಕ್ಕ ತಾಗೂವಂಗ ಕಾಣ್ತು, ಕೈ ಬಿಟ್ಟೆ."

ನಾನು ತಲೆ ಎತ್ತಿದೆ. "ಮುಂಡೇದ, ಎದ್ದು ಹೋಗಂದ್ರ ಹೋಗಬೇಕಿಲ್ಲೇನು?" ಎನ್ನುತ್ತ ಅತ್ತೆ ನನ್ನ ಬೆನ್ನಿಗೆ ಗುದ್ದಿದರು, ಇನ್ನೊಂದು ಗುದ್ದಿದರು, ಆಮೇಲೆ ಅದೇ ಕೈಯಿಂದ ನನ್ನನ್ನು ಎಳೆದು ಅಪ್ಪಿಕೊಂಡು ಗುಜರಿಯವನ ಎದುರಿಗೇ ಗಟ್ಟಿಯಾಗಿ ಅತ್ತರು. ಇಷ್ಟು ದಿನ ಬಾರದಿದ್ದ ಹೆದರಿಕೆ ನನಗೆ ಆಗ ಬಂತು. ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ಅಂಗಳದ ಮಣ್ಣಿನಲ್ಲಿ ಕೂತೆ.